ಉಸುಕಿನ ಪೆಟ್ಟಿಗೆಯ ಮುಂದೆ ಕೂತವನು

"ನಮ್ಮ ಕೂಸಿನ ಕಡಿಂದ ಏನ್ ಮಾಡ್ಸಾಕತ್ತೀರಿ ನೀವು?"

ಬಾಗಿಲು ತಳ್ಳಿದ ರಭಸಕ್ಕೆ ಗೋಡೆಯ ಮೇಲಿನ ಮಕ್ಕಳ ಚಿತ್ರಗಳು ಪಟಪಟ ಹಾರಾಡಿದವು. ವಸೀಮಾ ಬೆಚ್ಚಿ ತಲೆಯೆತ್ತಿದಳು.

ಗ್ರೀಸ್ ಮೆತ್ತಿದ ಅಂಗಿ, ಕೆಂಪಡರಿದ ಕಣ್ಣು... ಗೊರೇಬಾಳದ ಟ್ರ್ಯಾಕ್ಟರ್ ಮೆಕ್ಯಾನಿಕ್ ಜುಲ್ಫಿಕರ್ ಹೊಸ್ತಿಲಲ್ಲಿ ನಿಂತಿದ್ದ.

ಅವನ ನೋಟ ಉಸುಕಿನ ಪೆಟ್ಟಿಗೆಯಲ್ಲಿ ನೆಟ್ಟಿತ್ತು. ಅಲ್ಲಿ ಅವನ ಅಕ್ಕನ ಮಗಳು, ಆರು ವರ್ಷದ ಮಾಹಿರಾ, ಗೊಂಬೆಯೊಂದನ್ನು ಹೂಳುತ್ತಿದ್ದಳು. ಮುಚ್ಚುವುದು, ತೆಗೆಯುವುದು, ಮತ್ತೆ ಮುಚ್ಚುವುದು...

ತಾಯಿ ತೀರಿಕೊಂಡಾಗಿನಿಂದ ಮಾಹಿರಾ ತುಟಿ ಬಿಚ್ಚಿರಲಿಲ್ಲ. ತಂದೆ ಲಾರಿಯ ಮೇಲೆ ಊರೂರು ಅಲೆಯುವವನು. ಜುಲ್ಫಿಕರ್‌ನ ತಾಯಿ, ಅಜ್ಜಿ ಮೆಹಬೂಬ್‌ಬೀ ಅವಳನ್ನು ಸಿಂಧನೂರಿನ ಈ ಕೋಣೆಗೆ ಕರೆತರುತ್ತಿದ್ದರು. ಆಟದಿಂದ, ಬಣ್ಣದಿಂದ ಮಕ್ಕಳ ಒಳಗಿನ ನೋವನ್ನು ಹೊರತರುವುದೇ ವಸೀಮಾಳ ಕೆಲಸ.

"ಸತ್ತ ನಮ್ಮಕ್ಕನ್ನ ಮತ್ತ ಮತ್ತ ಹುಗಸ್ತೀರೇನ್ರೀ? ಇದಕ್ಕ ಚಿಕಿತ್ಸೆ ಅಂತಾರೇನು?"

"ಹುಗಸು ಅಂತ ನಾ ಹೇಳಿಲ್ರೀ. ಅಕೀನ ಆಡಾಕತ್ತಾಳ. ನಾ ಬರೇ ಜೋಡಿ ಕುಂತೀನಿ."

ಅವನು ಕೇಳಲಿಲ್ಲ. ಮಗುವನ್ನೆತ್ತಿಕೊಂಡು ಹೊರಟೇಬಿಟ್ಟ. ಅವನ ಹೆಗಲ ಮೇಲಿಂದ ಮಾಹಿರಾಳ ಪುಟ್ಟ ಕೈ ಗೊಂಬೆಯತ್ತ ಚಾಚಿಯೇ ಇತ್ತು.

'ಎಂಥಾ ಒರಟ!' ಎಂದುಕೊಂಡಳು ವಸೀಮಾ. ಆದರೂ ಆ ಕಣ್ಣು ಕೆಂಪಾಗಿದ್ದದ್ದು ಸಿಟ್ಟಿಗಷ್ಟೇ ಅಲ್ಲ ಎಂದು ಅವಳಿಗೆ ಗೊತ್ತಾಗಿತ್ತು...

ಮುಂದಿನ ವಾರ ಅವನೇ ಬಂದ, ಮಗುವಿನ ಜೊತೆ. ಈ ಸಲ ಬಾಗಿಲು ಮೆಲ್ಲಗೆ ತೆರೆಯಿತು.

"ಮನ್ಯಾಗ ಭತ್ತದ ರಾಶ್ಯಾಗ ಚಮಚ, ಬಾಚಣಿಕಿ, ಸಿಕ್ಕಿದ್ದೆಲ್ಲಾ ಹುಗಸಾಕತ್ತಾಳ್ರೀ. ಬೈದೆ... ಉಣ್ಣೂದೂ ಬಿಟ್ಟಾಳ. ನಾ ಏನ್ ಮಾಡ್ಲಿ ಮೇಡಂ?"

"ನಿಮ್ಮಕ್ಕನ್ನ ಮಣ್ಣಿಗೆ ಒಯ್ಯೂ ಮುಂದ ಇಕಿ ಎಲ್ಲಿದ್ಲು?"

"ಬಾಜೂ ಮನ್ಯಾಗ ಕುಂದರ್ಸಿದ್ವಿ. ಸಣ್ಣಾಕಿ, ಅಂಜ್ತಾಳ ಅಂತ."

"ಅಮ್ಮಿ ಎಲ್ಲಿಗೆ ಹೋದ್ಲು ಅಂತ ಏನ್ ಹೇಳೀರಿ?"

ಜುಲ್ಫಿಕರ್ ನೆಲ ನೋಡಿದ. "ಊರಿಗೆ ಹೋಗ್ಯಾಳ ಅಂದೀವಿ..."

"ಹಂಗಾರ ಮಣ್ಣಾಗ ಇಟ್ರು ಅಂತ ಯಾರೋ ಅಂದದ್ದು ಅಕಿ ಕಿವಿಗೆ ಬಿದ್ದಿರಬೇಕು. ಹುಗಸಿ ತಗದು ಅಮ್ಮೀನ ಹುಡುಕಾಕತ್ತಾಳ್ರೀ," ಎಂದಳು ವಸೀಮಾ ಮೃದುವಾಗಿ. "ಖರೇ ಏನಾತು ಅಂತ ನೀವ ಹೇಳ್ರಿ. ಆಡಕೋತನ ಹೇಳ್ರಿ."

ಆ ಗಟ್ಟಿ ಆಳು ಉಸುಕಿನ ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಗೊಂಬೆಗೆ ತನ್ನ ಬಿಳಿ ಕರ್ಚೀಫು ಸುತ್ತಿದ. ಗುಂಡಿ ತೋಡಿ ಮಲಗಿಸಿದ.

"ನಿಮ್ಮ ಅಮ್ಮಿ ತೀರ್ಕೊಂಡಾಳ ಮಾಹಿರಾ. ಊರಿಗೆ ಹೋಗಿಲ್ಲ. ಮಾಮು ಸುಳ್ಳು ಹೇಳಿದ್ದ. ಕಬರಸ್ತಾನದಾಗ ಹಿಂಗ ಮಲಗ್ಸಿ ಬಂದೀವಿ..."

ಗೊಂಬೆಯ ಮೇಲೆ ಒಂದು ಬೊಗಸೆ ಉಸುಕು ಸುರಿದ.

"ಮಾಮು..."

ಮಾಹಿರಾಳ ದನಿ!

"ಸಾವಕಾಶ ಹಾಕು ಮಾಮು. ಅಮ್ಮಿಗಿ ನೋವಾಗ್ತೈತಿ."

ಜುಲ್ಫಿಕರ್ ಮಗುವನ್ನು ಎದೆಗವಚಿಕೊಂಡು ಬಿಕ್ಕಿಬಿಕ್ಕಿ ಅತ್ತ. ಮಾಹಿರಾಳೂ ಅತ್ತಳು, ತಾಯಿ ಹೋದ ಮೇಲೆ ಮೊದಲ ಬಾರಿ. ವಸೀಮಾ ಕಿಟಕಿಯತ್ತ ತಿರುಗಿ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಅವನು ಚಿಕಿತ್ಸೆಯ ದಿನವಾದ ಗುರುವಾರ ಗ್ಯಾರೇಜನ್ನೇ ಮುಚ್ಚತೊಡಗಿದ. ಮಾಹಿರಾ ಜೊತೆ ಮಣ್ಣಿನ ರೊಟ್ಟಿ ತಟ್ಟಿದ, ರಾಣಿಯಾಗಿ ಓಲೆ ಹಾಕಿಸಿಕೊಂಡ! ವಸೀಮಾಗೆ ನಗು ತಡೆಯಲಾಗುತ್ತಿರಲಿಲ್ಲ. ಗುರುವಾರ ಬಂತೆಂದರೆ ಅವಳ ಕಿವಿ ಬೈಕಿನ ಸದ್ದಿಗೆ ಕಾಯುತ್ತಿತ್ತು.

'ಬ್ಯಾಡ ವಸೀಮಾ... ನೀನಿಲ್ಲಿ ಮಗುವಿನ ಸಲುವಾಗಿ ಇದ್ದೀ,' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು. ಒಂದು ಮಾತನ್ನೂ ಹೆಚ್ಚಿಗೆ ಆಡಲಿಲ್ಲ.

ಬೇಸಿಗೆಯ ಹೊತ್ತಿಗೆ ಮಾಹಿರಾ ಓಣಿಯ ಮಕ್ಕಳ ಜೊತೆ ಜಗಳಕ್ಕೆ ನಿಲ್ಲುವಷ್ಟು ಮಾತುಗಾರ್ತಿಯಾದಳು. ಚಿಕಿತ್ಸೆ ಮುಗಿಯಿತು.

ಕೆಲವು ದಿನಗಳಲ್ಲೇ ಮೆಹಬೂಬ್‌ಬೀ ಲಿಂಗಸುಗೂರಿನಲ್ಲಿದ್ದ ವಸೀಮಾಳ ತಂದೆಯ ಮನೆಗೆ ಬಂದರು. "ನಮ್ಮ ಜುಲ್ಫಿಕರ್‌ಗೆ ನಿನ್ನ ಕೇಳಾಕ ಬಂದೀನಿ ಬೇಟಿ. ಮಾಹಿರಾಗ ನಿನ್ನಂಥ ತಾಯಿ ಸಿಕ್ಕರ ಅಷ್ಟ ಸಾಕು."

ವಸೀಮಾಳ ಎದೆ ಅರಳಿ, ಅರೆಕ್ಷಣದಲ್ಲೇ ಮುದುಡಿತು. 'ಮಾಹಿರಾಗ ತಾಯಿ ಬೇಕು... ಜುಲ್ಫಿಕರ್‌ಗೆ ನಾನು ಬೇಕೇನು? ಇಲ್ಲ. ಬೇಕಾಗಿದ್ದು ನನ್ನ ಕೆಲಸ, ನಾನಲ್ಲ.'

"ಬ್ಯಾಡ ಖಾಲಾ," ಎಂದಷ್ಟೇ ಹೇಳಿ ಒಳಗೆ ಹೋದಳು.

ಮಳೆಗಾಲ ಕಳೆಯಿತು. ಅವನ ಸುದ್ದಿಯಿಲ್ಲ. ಗುರುವಾರಗಳು ಮಾತ್ರ ತಪ್ಪದೆ ಬರುತ್ತಿದ್ದವು...

ಒಂದು ಸಂಜೆ ಬಣ್ಣದ ಡಬ್ಬಿ ಮುಚ್ಚುತ್ತಿದ್ದವಳು ಹೆಜ್ಜೆ ಸದ್ದಿಗೆ ತಿರುಗಿದಳು. ಜುಲ್ಫಿಕರ್! ಒಬ್ಬನೇ.

"ಮಾಹಿರಾ ಎಲ್ಲಿ? ಹುಷಾರದಾಳಿಲ್ಲೋ?" ಗಾಬರಿಯಿಂದ ಕೇಳಿದಳು.

"ಚಲೋ ಅದಾಳ್ರೀ. ಮಸ್ಕಿಗೆ ಬಿಟ್ಟು ಬಂದೆ. ಅವರಬ್ಬಾ ಲಾರಿ ಬಿಟ್ಟು ಅಲ್ಲೇ ಅಂಗಡಿ ಹಾಕ್ಯಾನ. ಅಬ್ಬಾನ ಕೈ ಹಿಡ್ಕೊಂಡು ಸಾಲಿಗೆ ಹೋಗಾಕತ್ತಾಳ."

"ಮತ್ತ... ನೀವ್ಯಾಕ ಬಂದೀರಿ?"

ಅವನು ಹಣೆ ಒರೆಸಿಕೊಂಡ. "ನಮ್ಮ ತಾಯಿ ನಿಮ್ಮ ಮನ್ಯಾಗ ಏನಂದ್ಲು ಅಂತ ನಿನ್ನಿ ಗೊತ್ತಾತು. ಇಷ್ಟು ದಿನ ನಾನ ನಿಮಗ ಸೇರಲಿಲ್ಲ ಅಂತ ತಿಳ್ಕೊಂಡಿದ್ದೆ. ಈಗ ನಮ್ಮನ್ಯಾಗ ಕೂಸಿಲ್ಲ ಮೇಡಂ. ಯಾರ ತಾಯೀನೂ ಆಗೂದು ಬೇಕಿಲ್ಲ. ಯಾರ ಸಲುವಾಗೂ ಬಂದಿಲ್ಲ ನಾ... ನೀವು ಬೇಕು ಅಂತ ಬಂದೀನಿ."

ವಸೀಮಾಳ ಕಣ್ಣು ತುಂಬಿ ಬಂತು.

"ನಾ ಈ ಕೆಲಸ ಬಿಡಾಕಿ ಅಲ್ಲ."

"ಬಿಡು ಅಂದವ್ರು ಯಾರು? ಗೊರೇಬಾಳದಿಂದ ದಿನಾ ನಾನ ಇಲ್ಲಿಗೆ ತಂದು ಬಿಟ್ಟು ಹೋಗ್ತೀನಿ."

"ನಿಮಗ ಸಿಟ್ಟು ಭಾಳ."

"ಹೌದ್ರೀ," ಎಂದು ಒಪ್ಪಿಕೊಂಡ. "ನೀವೊಂದು ಸಲ ಗದರಿದ್ರ ಇಳೀತೈತಿ."

ಅವಳು ಅಳುತ್ತಲೇ ನಕ್ಕಳು.

"ವಸೀಮಾ..." ಮೊದಲ ಸಲ ಹೆಸರು ಹಿಡಿದು ಕರೆದ. "ನಮ್ಮ ತಾಯೀನ ಮತ್ತ ಲಿಂಗಸುಗೂರಿಗೆ ಕಳಸ್ಲೇನು?"

"ಕಳಸ್ರಿ. ಆದ್ರ ಈ ಸಲ ನೀವೂ ಬರ್ರಿ. ಕೇಳೂದು ನೀವ ಕೇಳ್ರಿ."

"ಕೇಳಿದ್ರ ಏನಂತಿ?"

"ನಮ್ಮಬ್ಬಾನ ಮುಂದ ನಾಚಿಕಿ ಬರ್ತೈತಿ," ಎಂದು ತಲೆ ತಗ್ಗಿಸಿದಳು ವಸೀಮಾ. "ಈಗ ಹೇಳಿಬಿಡ್ತೀನಿ... ಹೂಂ ಅಂತೀನಿ."