ಬಾವಿಗೆ ಮರಳಿ ಬಿಟ್ಟ ನೀರು

"ಅಯ್ಯ! ಏನ್ ಮಾಡಿದ್ರಿ ಅದನ್ನ? ನೆಲಕ್ಕ ಹಿಂಡಿಬಿಟ್ರಿ?"

ಬಸದಿಯ ಬಾವಿಕಟ್ಟೆಯ ಮೇಲೆ ನಿಂತಿದ್ದ ಗಡ್ಡದ ಮನುಷ್ಯ ಬೆಚ್ಚಿ ತಿರುಗಿದ. ಕೈಯಲ್ಲಿ ನೀರು ಸೋಸುವ ಅರಿವೆ. ಅದನ್ನು ಕೊಡದ ಬಾಯಿಗೆ ಕಟ್ಟಿ ನೀರನ್ನೇನೋ ಸರಿಯಾಗಿಯೇ ಸೋಸಿದ್ದ. ಆಮೇಲೆ ಮಾತ್ರ ಹಿಂಡಿ, ಝಾಡಿಸಿ... ಎಲ್ಲ ಮುಗಿಸಿಬಿಟ್ಟಿದ್ದ!

ಬೇಡಕಿಹಾಳದ ಜೈನರ ಓಣಿಯಲ್ಲಿ ನಾಲ್ಕು ವರ್ಷದ ಕೂಸಿಗೂ ಇದು ಗೊತ್ತು. ಸೋಸಿದ ಅರಿವೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಉಳಿದಿರುತ್ತವೆ. ಅರಿವೆಯನ್ನು ತಿರುವಿ ಹಿಡಿದು, ಮೇಲೆ ನೀರು ಹನಿಸಿ, ಆ ನೀರನ್ನು ಅದೇ ಬಾವಿಗೆ ಮೆಲ್ಲಗೆ ಬಿಡಬೇಕು. ಅಜ್ಜಿಯರ ಕಾಲದಿಂದ ಬಂದ ರೂಢಿ.

"ಎಷ್ಟು ಜೀವ ಹೋದುವು ಗೊತ್ತೈತೇನ್ರಿ ನಿಮಗ?" ಮಂಗಲಳ ದನಿ ಏರಿತು.

ಅವನು ಹಾಸುಗಲ್ಲಿನ ಮೇಲೆ ಹರಡಿದ ನೀರನ್ನೇ ನೋಡಿದ. ಮುಖ ಬಿಳಿಚಿಕೊಂಡಿತು.

"ಗೊತ್ತಿಲ್ರಿ. ಸಣ್ಣಾಂವ ಇದ್ದಾಗ ಇದನ್ನೆಲ್ಲಾ ಮಾಡ್ತಿದ್ದೆ. ಈಗ ಕೈ ಮರತೈತಿ."

ಆಮೇಲೆ ಅವನ ಕಣ್ಣು ಅವಳ ಕೊರಳಿನತ್ತ ಹೋಯಿತು. ಹೋಗಿ ಅಲ್ಲೇ ನಿಂತುಬಿಟ್ಟಿತು!

ಹೊಲಿಗೆ ಮಷಿನ್ ಬಿಟ್ಟು ಎದ್ದು ಬಂದಿದ್ದ ಮಂಗಲಳ ಕೊರಳಲ್ಲಿ ಅಳತೆಯ ಟೇಪು ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ. ಆದರೂ ಅವಳು ಸರ್ರನೆ ಸೆರಗು ಎಳೆದುಕೊಂಡಳು.

'ಎಂಥ ನಾಚಿಕೆಗೇಡಿ! ತಪ್ಪು ಮಾಡೂದಲ್ದ ಮ್ಯಾಲೆ ದಿಟ್ಟಿಸಿ ನೋಡೂದು ಬ್ಯಾರೆ!'

ಅವನು ಯಾರೆಂದು ಸಂಜೆ ತಿಳಿಯಿತು. ಎದುರು ಮನೆಯ ಕಸ್ತೂರೆವ್ವನ ಮಗ ರಾವಸಾಹೇಬ. ಎಂಟು ವರ್ಷ ಮಿಲಿಟರಿಯಲ್ಲಿದ್ದು, ಕೊನೆಗೆ ಶಾಂತಿಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿ, ಈ ತೊಂಬತ್ತನೇ ಇಸವಿಯ ಬೇಸಿಗೆಗೆ ನೌಕರಿ ಬಿಟ್ಟು ಬಂದಿದ್ದ. ಮಂಗಲಳೂ ನಿಪ್ಪಾಣಿಯ ಸೋದರಮಾವನ ಮನೆಯಲ್ಲಿ ಏಳು ವರ್ಷ ಇದ್ದು, ಓದು, ಹೊಲಿಗೆ ಎರಡೂ ಮುಗಿಸಿ ಆಗಷ್ಟೇ ಊರಿಗೆ ಮರಳಿದ್ದಳು. ಹಾಗಾಗಿ ಗುರುತು ಸಿಕ್ಕಿರಲಿಲ್ಲ.

ಮರುದಿನದಿಂದ ರಾವಸಾಹೇಬ ಬಾವಿಗೆ ಬಂದರೆ ಹಿಂದೆ ನಿಂತವರ ಗತಿ ದೇವರೇ ಬಲ್ಲ. ಅರಿವೆ ತಿರುವುವುದೇನು, ಹನಿಹನಿಯಾಗಿ ತೊಳೆಯುವುದೇನು, ಬಕೀಟನ್ನು ನೀರಿಗೆ ಮುಟ್ಟುವ ತನಕ ಇಳಿಸಿ ಬಗ್ಗಿಸುವುದೇನು!

"ಲಗೂನ ಮಾಡ್ರಿ. ಮನ್ಯಾಗ ಅನ್ನಕ್ಕ ಎಸರಿಟ್ಟು ಬಂದೇನಿ," ಎಂದಳು ಮಂಗಲ ಒಂದು ದಿನ.

"ಲಗೂನ ಮಾಡಿದ್ರ ಬೈತೀರಿ. ಸಾವಕಾಶ ಮಾಡಿದ್ರೂ ಬೈತೀರಿ. ನಿಮಗಿಂತ ನಮ್ಮ ಸುಬೇದಾರನ ಪಾಡ ಇದ್ದರಿ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ನೀರು ತುಂಬುವ ಹೊತ್ತು ಇಬ್ಬರದೂ ಒಂದೇ ಆಯಿತು. ಅದು ತಾನಾಗಿ ಆಯಿತೆಂದು ಇಬ್ಬರೂ ನಂಬಿದ್ದರು... ಓಣಿಯವರು ನಂಬಿರಲಿಲ್ಲ.

ಆಷಾಢ ಕಳೆದ ಮೇಲೆ ಕಸ್ತೂರೆವ್ವ ಮಂಗಲಳ ಅಪ್ಪ ಧರೆಪ್ಪನ ಮನೆಗೆ ಬಂದು ಹೆಣ್ಣು ಕೇಳಿದಳು. ಧರೆಪ್ಪ ಬಸದಿಯ ಹಿರಿಯ. ಮಗಳ ಮುಖ ನೋಡಿ, "ನಿನ್ನ ಮನಸ್ಸಿಗಿ ಬಂದ್ರ ನನ್ನದೇನೂ ಇಲ್ಲವ್ವ," ಎಂದ.

ಮಂಗಲಳ ಮನಸ್ಸಿಗೆ ಅವನು ಬಂದು ಬಹಳ ದಿನವಾಗಿತ್ತು. ಒಂದೇ ಒಂದು ಮಾತು ಬಾಕಿ ಉಳಿದಿತ್ತು. ಮರುದಿನ ಬಾವಿಕಟ್ಟೆಯಲ್ಲಿ ಕೇಳಿಯೇಬಿಟ್ಟಳು.

"ಲಂಕಾದಾಗ ನೀವು... ಯಾರನ್ನರ ಕೊಂದೀರೇನು?"

'ಇಲ್ಲ ಅನ್ನಲಿ... ದೇವರೇ, ಇಲ್ಲ ಅನ್ನಲಿ!'

"ಹೌದು," ಎಂದ ರಾವಸಾಹೇಬ. "ಒಬ್ಬಾಂವನ್ನ. ನನಗ ಗೊತ್ತಿರೂವಷ್ಟು."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹಂಗಾದ್ರ ನನ್ನಿಂದ ಆಗೂದಿಲ್ರಿ." ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನಮ್ಮ ಧರ್ಮದಾಗ ಅದಕ್ಕಿಂತ ದೊಡ್ಡ ಪಾಪ ಇಲ್ಲ. ಆ ಕೈ ನನ್ನ ಕೊರಳಿಗಿ ತಾಳಿ ಕಟ್ಟೂದು..."

"ಖರೆ ಐತಿ," ಎಂದು ಅವನು ಕೊಡ ಎತ್ತಿಕೊಂಡು ಹೋಗಿಬಿಟ್ಟ.

ವಾದ ಮಾಡಿದ್ದರೆ ಅವಳೂ ಜಗಳವಾಡಿ ಹಗುರಾಗುತ್ತಿದ್ದಳು. ಅವನು ಒಪ್ಪಿಕೊಂಡಿದ್ದೇ ಅವಳನ್ನು ಅಳಿಸಿತು. ಆ ದಿನ ಹೊಲಿದ ಮೂರು ಕುಪ್ಪಸಗಳ ತೋಳನ್ನೂ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಆಗಸ್ಟ್ ಹದಿನೈದಕ್ಕೆ ಶಾಲೆಯ ಬಯಲಲ್ಲಿ ರಾವಸಾಹೇಬನಿಗೆ ಸತ್ಕಾರ ಇಟ್ಟರು. ಹೆಡ್ ಮಾಸ್ತರ ವಿರುಪಾಕ್ಷಪ್ಪ ಕೇಸರಿ ಫೇಟಾ ಹಿಡಿದು ಅವನ ತಲೆಗೆ ಸುತ್ತಲು ಬಂದರು.

"ಫೇಟಾ ಬ್ಯಾಡ್ರಿ ಸರ್."

ರಾವಸಾಹೇಬ ಮೈಕನ್ನು ಮುಟ್ಟಲೂ ಇಲ್ಲ. ಇದ್ದಲ್ಲಿಂದಲೇ ಮಾತಾಡಿದ.

"ನಾ ಕೊಂದಾಂವ ನನ್ನ ವಯಸ್ಸಿನಾಂವ. ಕಿಸೆ ತಪಾಸ ಮಾಡಿದ್ರ ಒಳಗ ಅಳತಿ ಟೇಪ್ ಇತ್ತು. ಶಿಂಪಿಗ ಇರಬೇಕು. ಯಾರದೋ ಅಂಗಿ ಅರ್ಧಾ ಹೊಲದು ಎದ್ದು ಬಂದಿರಬೇಕು. ಪಾಪ, ಪುಣ್ಯ ನನಗ ತಿಳಿಯೂದಿಲ್ಲ. ನರಕ ಐತೋ ಇಲ್ಲೋ ಅದೂ ಗೊತ್ತಿಲ್ಲ. ಆ ಅಂಗಿ ಯಾರದಿತ್ತು ಅಂತ ಅಷ್ಟ ವಿಚಾರ ಬರ್ತೈತಿ. ನಂದೂ ಅವಂದೂ ಏನೂ ವೈರ ಇರಲಿಲ್ರಿ. ಅದಕ್ಕ ಬಂದೂಕು ಕೆಳಗಿಟ್ಟು ಬಂದೇನಿ."

ಮಂಗಲಳ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ಟೇಪು ಇತ್ತು.

'ಅಂದ್ರ ಅವತ್ತು ಅವ ನೋಡಿದ್ದು... ಇದನ್ನ! ನಾ ಏನೇನೋ ತಿಳಕೊಂಡೆ!'

ಹಿಂದಿನಿಂದ ಯಾರೋ "ಅಂಜುಬುರುಕ" ಎಂದರು. ಧರೆಪ್ಪ ಎದ್ದು ನಿಂತ.

"ಅಂಜುಬುರುಕ ಹ್ಯಾಂಗ ಆಗ್ತಾನ? ನಮ್ಮ ಧರ್ಮಾನೂ ಇದನ್ನ ಹೇಳ್ತೈತಿ. ಯಾವ ಜೀವಕ್ಕೂ ನೋವು ಮಾಡಬಾರದು."

"ಕಾಕಾ," ಎಂದ ರಾವಸಾಹೇಬ, ಸಿಟ್ಟಿಲ್ಲದೆ. "ಧರ್ಮ ನಾ ಹೋಗೂ ದಿನಾನೂ ಇತ್ತಲ್ರಿ? ಅವತ್ತ ಯಾರೂ ಬ್ಯಾಡ ಅನ್ನಲಿಲ್ಲ. ಬಸದಿ ಮುಂದನ ಹಾರ ಹಾಕಿ, ಆರತಿ ಬೆಳಗಿ ಕಳಿಸಿದ್ರಿ."

ಧರೆಪ್ಪ ಮೆಲ್ಲಗೆ ಕುಳಿತುಬಿಟ್ಟ.

ಮಂಗಲಳಿಗೆ ಥಟ್ಟನೆ ನೆನಪಾಯಿತು. ಬಸದಿಯ ಮುಂದೆ... ಎಂಟು ವರ್ಷದ ಹಿಂದೆ... ಹದಿನಾಲ್ಕರ ಹುಡುಗಿ, ಹೊಸ ಲಂಗ. ಎದುರು ಮನೆಯ ಮೀಸೆ ಚಿಗುರದ ಹುಡುಗ ನಾಚಿ ತಲೆ ತಗ್ಗಿಸಿ ನಿಂತಿದ್ದ. ಹೆಂಗಸರು ಅವಳನ್ನೇ ಮುಂದೆ ತಳ್ಳಿದ್ದರು.

'ಆ ಆರತಿ ತಟ್ಟಿ ನನ್ನ ಕೈಯಾಗಿತ್ತು!'

ಅವಳು ಅಲ್ಲಿ ನಿಲ್ಲಲಾರದೆ ಮನೆಗೆ ಬಂದಳು. ನಾಚಿಕೆ, ಪ್ರೀತಿ, ಪಶ್ಚಾತ್ತಾಪ ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಅವನಿಗೆ ಮುಖ ತೋರಿಸುವುದು ಹೇಗೆ?

ಸ್ವಲ್ಪ ದಿನದ ಮೇಲೆ ಭಾದ್ರಪದದ ದಶಲಕ್ಷಣ ಪರ್ವ ಬಂತು. ಹತ್ತು ದಿನದ ವ್ರತ ಮುಗಿದ ಮೇಲೆ ಜೈನರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಮಂಗಲ ಓಣಿಯ ಎಲ್ಲ ಮನೆಗೂ ಹೋದಳು. ಎದುರು ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅವನು ಬಾವಿಗೆ ಹೋಗಿದ್ದಾನೆಂದಳು ಕಸ್ತೂರೆವ್ವ.

ರಾವಸಾಹೇಬ ಕೊಡಕ್ಕೆ ಅರಿವೆ ಕಟ್ಟುತ್ತಿದ್ದ. ಅವಳು ಕೈಮುಗಿದಳು.

"ಉತ್ತಮ ಕ್ಷಮಾ."

"ಯಾತಕ್ಕ?"

"ಪಾಪ ಎಲ್ಲಾ ನಿಮ್ಮ ಒಬ್ಬರ ಕೈಗಿ ಹಚ್ಚಿದೆ. ನಿಮಗ ಆರತಿ ಬೆಳಗಿ ಕಳಿಸಿದಾಕಿ ನಾನ. ಮರತಬಿಟ್ಟಿದ್ದೆ."

"ನನಗ ನೆನಪಿತ್ತು," ಎಂದ ಅವನು. "ಕುಂಕುಮ ಹಣೀ ಬಿಟ್ಟು ಮೂಗಿಗಿ ಹಚ್ಚಿದ್ರಿ. ಬೆಳಗಾವಿ ಮುಟ್ಟೂತನಕ ಒರಸಿರಲಿಲ್ಲ."

"ಗೊತ್ತಿದ್ದೂ ಅವತ್ತ ಯಾಕ ಅನ್ನಲಿಲ್ಲ?" ಅವಳ ಕಣ್ಣು ತುಂಬಿತು.

"ನೀವು ಆಗ ಸಣ್ಣವರು. ನಿಮ್ಮದೇನೂ ತಪ್ಪಿಲ್ಲ. ನಾ ಕ್ಷಮಾ ಕೇಳಬೇಕಾದಾಂವ... ಅಂವ ಇಲ್ಲ."

ಅವನ ಕಣ್ಣು ಮತ್ತೆ ಅವಳ ಕೊರಳಿನತ್ತ ಹೋಯಿತು. ಕೇಳಿದ, "ಟೇಪ್ ಎಲ್ಲಿ?"

"ಮನ್ಯಾಗ ಇಟ್ಟು ಬಂದೇನಿ. ನೋಡಿದ್ರ ನಿಮಗ ತ್ರಾಸ ಆಗ್ತೈತಿ."

"ಆಗಲಿ. ಹಾಕ್ಕೊಂಡ ಇರ್ರಿ. ಅಂವನ್ನ ನಾ ಮರೀಬಾರದು."

ಮಂಗಲ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಂಗಾದ್ರ ಅಳತಿ ಕೊಡಾಕ ಬರ್ರಿ. ಮದುವಿ ಅಂಗಿ ನಾನ ಹೊಲೀತೇನಿ."

ಅವನ ಕೈಯಲ್ಲಿದ್ದ ಅರಿವೆ ಅಲ್ಲೇ ನಿಂತಿತು. "ಈ ಕೈ... ನಡೀತೈತೇನು?"

ಅವಳು ಅವನ ಒದ್ದೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಡೀತೈತಿ. ಅಂಗೀನೂ ಅರ್ಧಕ್ಕ ಬಿಡೂದಿಲ್ಲ, ಪೂರಾ ಹೊಲೀತೇನಿ."

ಅವನು ನೀರು ಸೋಸಿ, ಅರಿವೆ ತಿರುವಿ, ತೊಳೆದ ನೀರನ್ನು ಬಕೀಟಿನಲ್ಲಿ ಬಾವಿಗೆ ಇಳಿಸತೊಡಗಿದ. ಅವಳೂ ಹಗ್ಗಕ್ಕೆ ಕೈ ಹಚ್ಚಿದಳು.

"ಅಳತಿಗಿ ನಾಳೆ ಬರಲೇನು?"

"ಇವತ್ತ ಬರ್ರಿ," ಎಂದಳು ಮಂಗಲ. "ಹೊತ್ತು ಮುಳುಗೂದರೊಳಗ ಬಂದ್ರ ಊಟಾನೂ ಆಗ್ತೈತಿ."