ಒಂದು ಗೇಣು ಹುರಿ

ಸಹೃದಯ ವಾಚಕ ಮಹಾಶಯರೇ! ಸೋತವನ ಕಥೆಯನ್ನು ಕೇಳುವುದಕ್ಕೆ ತಾಳ್ಮೆ ಬೇಕು; ಸೋತು ಎದ್ದವನ ಕಥೆಯನ್ನು ಕೇಳುವುದಕ್ಕೆ ಹೃದಯವೊಂದಿದ್ದರೆ ಸಾಕು. ತಮ್ಮಲ್ಲಿ ಅದು ಧಾರಾಳವಾಗಿದೆಯೆಂಬ ಭರವಸೆಯಿಂದ, ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿಯ ಮಂಗಳೂರಿನ ಬಂದರಿನ ಬಯಲಿಗೆ ತಮ್ಮನ್ನು ವಿನಯಪೂರ್ವಕವಾಗಿ ಕರೆದೊಯ್ಯುತ್ತಿದ್ದೇನೆ. ದಯವಿಟ್ಟು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಡಿ. ಅಲ್ಲಿ ಮೇಲಿನಿಂದ ಮನುಷ್ಯರು ಬೀಳುತ್ತಾರೆ!

ಅಂದು ಸಂಜೆ ನಾಲ್ಕು ಗಂಟೆಗೆ ಕುಮುದಿನಿಯ ಮಡಿಲಿಗೆ ಬಿದ್ದದ್ದು ಮನುಷ್ಯನೇ.

ಕುಮುದಿನಿ ಕುದ್ರೋಳಿಯ ಹುಡುಗಿ. ಬಲೆ ಹೆಣೆಯುವುದರಲ್ಲಿ ಅವಳ ಬೆರಳಿಗೆ ಸಾಟಿಯಿರಲಿಲ್ಲ. ದೊಡ್ಡಮ್ಮ ಅಕ್ಕುವಿನೊಂದಿಗೆ ಹಗ್ಗದ ಬದಿಯಲ್ಲೇ ಕುಳಿತು ಬಾಕ್ಸಿಂಗ್ ನೋಡುತ್ತಿದ್ದಳು. ರಿಂಗಿನೊಳಗೆ ಒಂದು ಕಡೆ ಬೊಂಬಾಯಿಯಲ್ಲಿ ಪಳಗಿ ಬಂದ ಯೂಸ್ಟೇಸ್. ಇನ್ನೊಂದು ಕಡೆ ಅದುವರೆಗೆ ಸೋಲನ್ನೇ ಕಾಣದ ಉಳ್ಳಾಲದ ಮೀನುಗಾರ ಅಂಗಾರ.

ಎರಡನೆಯ ರೌಂಡಿನಲ್ಲಿ ಅಂಗಾರ ಬಲಗೈಯನ್ನು ಹಿಂದಕ್ಕೆಳೆದ. ಅಷ್ಟರಲ್ಲೇ ಯೂಸ್ಟೇಸನ ಮುಷ್ಟಿ...

ಧಡ್!

ಆರಡಿಯ ಆಳು ಹಗ್ಗಗಳ ನಡುವಿನಿಂದ ಜಾರಿ, ತಲೆಯನ್ನು ಕುಮುದಿನಿಯ ಮಡಿಲಲ್ಲಿಟ್ಟು ಮಲಗಿಬಿಟ್ಟ.

"ಒಂದು... ಎರಡು..." ರೆಫರಿ ಒಸ್ವಾಲ್ಡ್ ಎಣಿಸತೊಡಗಿದ.

ಎಷ್ಟು ಉದ್ದದ ರೆಪ್ಪೆಗಳು ಇವನದ್ದು! ಛೀ... ನಾನು ಎಂತ ನೋಡ್ತಾ ಇದ್ದೇನೆ? ಎಂದುಕೊಂಡಳು ಕುಮುದಿನಿ.

ಒಂಬತ್ತಕ್ಕೆ ಆ ರೆಪ್ಪೆಗಳು ತೆರೆದುಕೊಂಡವು. ಗಲಿಬಿಲಿಗೊಂಡ ಕುಮುದಿನಿಯ ಬಾಯಿಂದ, ಆಟದ ಆರಂಭದಿಂದಲೂ ಅವಳು ಗಮನಿಸಿದ್ದ ಸಂಗತಿ ಹೊರಬಿತ್ತು: "ನೀವು ಬಲೆ ಬೀಸಿದ ಹಾಗೆ ಹೊಡೀತೀರಲ್ಲ!"

"ಹತ್ತು!"

ಬಯಲಿಗೆ ಬಯಲೇ ನಕ್ಕಿತು. ಅಂಗಾರ ಅವಳನ್ನೊಮ್ಮೆ ನೋಡಿದ. ದವಡೆಯ ನೋವಿಗಿಂತ ಆಳವಾದದ್ದೇನೋ ಆ ನೋಟದಲ್ಲಿತ್ತು. ಎದ್ದು ಹೋದ.

ಮರುದಿನದಿಂದ ಅವನು ಹೋದಲ್ಲೆಲ್ಲ ಒಂದೇ ಕೂಗು: "ಏ ಅಂಗಾರ, ಬಲೆಗೆ ಎಷ್ಟು ಬಂಗುಡೆ ಬಿತ್ತು ಮಾರಾಯ?"

ಎಂಟು ದಿನಗಳಾದ ಮೇಲೆ ಅಕ್ಕು ಸುದ್ದಿ ತಂದಳು. "ಅಂಗಾರ ಗ್ಲೌಸನ್ನು ಹೊಳೆಗೆ ಎಸೆದನಂತೆ. ನಾಡಿದ್ದು ಸರಕಿನ ಮಂಜಿ ಹಡಗು ಹತ್ತಿ ಊರೇ ಬಿಟ್ಟು ಹೋಗ್ತಾನಂತೆ. ಎಲ್ಲ ನಿನ್ನ ನಾಲಗೆಯ ಪುಣ್ಯ ಮಾರಾಯ್ತಿ!"

"ನಾನು ತಮಾಷೆ ಮಾಡಿದ್ದಲ್ಲ ದೊಡ್ಡಮ್ಮ!"

"ನನ್ನ ಹತ್ರ ಹೇಳಿ ಎಂತ ಪ್ರಯೋಜನ? ಪೆಟ್ಟು ಬಿದ್ದದ್ದು ನನಗಾ?"

ಕುಮುದಿನಿಗೆ ಅನ್ನ ಸೇರಲಿಲ್ಲ. ಬೆಳಗಾಗುತ್ತಲೇ ಅಕ್ಕುವನ್ನು ಎಬ್ಬಿಸಿಕೊಂಡು ದೋಣಿಯಲ್ಲಿ ಹೊಳೆ ದಾಟಿದಳು. ಉಳ್ಳಾಲದ ಕಡಲ ಬದಿಯಲ್ಲಿ ಅಂಗಾರ ಮೊಣಕಾಲುದ್ದ ನೀರಿನಲ್ಲಿ ಬೀಸುಬಲೆ ಹಿಡಿದು ನಿಂತಿದ್ದ. ಬಲೆಯ ಅಂಚು ಹಲ್ಲಿನ ನಡುವೆ ಇತ್ತು.

ಅವಳನ್ನು ಕಂಡು ಅಂಚನ್ನು ಉಗುಳಿದ. "ನಗಲಿಕ್ಕೆ ಬಂದದ್ದಾ? ಊರಿನವರು ನಕ್ಕದ್ದು ಸಾಕಾಗಲಿಲ್ವಾ?"

"ಒಮ್ಮೆ ಬೀಸಿ. ಆಮೇಲೆ ಬೈಯಿರಿ."

ಹಟಕ್ಕೆ ಬಿದ್ದು ಅಂಗಾರ ಮೈ ತಿರುಚಿದ.

"ನಿಲ್ಲಿ! ಅಲ್ಲಾಡಬೇಡಿ... ನಿಮ್ಮ ಎಡಗೈ ಎಲ್ಲುಂಟು?"

ಎಡಗೈ ಸೊಂಟದ ಬಳಿ ಇತ್ತು.

"ಈಗ ಬಲೆ ಬಿಟ್ಟು ಮುಷ್ಟಿ ಹಿಡಿಯಿರಿ. ಬಲಗೈಯಲ್ಲಿ ಹೊಡೆಯಿರಿ."

ಮುಷ್ಟಿ ಗಾಳಿಯನ್ನು ಸೀಳಿತು. ಎಡಗೈ ಮತ್ತೆ ಸೊಂಟಕ್ಕಿಳಿದಿತ್ತು! ತೆರೆದುಕೊಂಡ ಅವನ ದವಡೆಗೆ ಕುಮುದಿನಿ ಬಲೆ ಹೆಣೆಯುವ ಬಿದಿರ ಸೂಜಿಯಿಂದ ಟಕ್ಕನೆ ತಟ್ಟಿದಳು.

"ಯೂಸ್ಟೇಸ್ ಹೊಡೆದದ್ದು ಇಲ್ಲಿಗೆ. ನಾನು ಅವತ್ತು ಹೇಳಿದ್ದೂ ಇದನ್ನೇ."

ಅಂಗಾರ ತನ್ನ ಎಡಗೈಯನ್ನೇ ನೋಡುತ್ತ ನಿಂತ. ಆರು ವರ್ಷದ ಪ್ರಾಯದಿಂದ ಬಲೆ ಬೀಸಿದ ಕೈ... ಅದಕ್ಕೆ ಬೇರೇನು ತಿಳಿದೀತು? ಅವನ ಮುಖ ನಿಧಾನವಾಗಿ ಅರಳಿತು.

"ಇಷ್ಟೇನಾ?!"

"ಇಷ್ಟೇ! ಇಷ್ಟಕ್ಕೆ ಊರು ಬಿಡ್ತಾರಾ?"

ಆಕೆ ಒಂದು ಗೇಣು ಬಲೆಯ ಹುರಿ ಕತ್ತರಿಸಿ, ಒಂದು ತುದಿಯನ್ನು ಅವನ ಎಡ ಮಣಿಕಟ್ಟಿಗೆ ಕಟ್ಟಿ, ಇನ್ನೊಂದನ್ನು ಹಲ್ಲಿಗೆ ಕೊಟ್ಟಳು. "ಕಚ್ಚಿಕೊಳ್ಳಿ. ಕೈ ಇಳಿದರೆ ಹಲ್ಲೇ ಹೇಳ್ತದೆ."

ಮಂಜಿ ಅಂಗಾರನಿಲ್ಲದೆ ಹೋಯಿತು.

ಹತ್ತು ತಿಂಗಳು ಅಕ್ಕುವಿನ ಕಾವಲಿನಲ್ಲಿ, ಕಡಲ ಬದಿಯಲ್ಲಿ ಅಭ್ಯಾಸ ನಡೆಯಿತು. ಅಂಗಾರ ಏನನ್ನೋ ಹೇಳಲು ಬಾಯಿ ತೆರೆದಾಗಲೆಲ್ಲ ಹುರಿ ಜಾರುತ್ತಿತ್ತು. "ಹುರಿ!" ಎಂದು ಕುಮುದಿನಿ ಗದರುತ್ತಿದ್ದಳು. ಅವನು ಪುನಃ ಕಚ್ಚಿಕೊಳ್ಳುತ್ತಿದ್ದ. ಕಣ್ಣು ಮಾತ್ರ ಮಾತಾಡುತ್ತಿತ್ತು. ಕಣ್ಣನೂರಿನಲ್ಲಿ ಗೆದ್ದ. ಕಲ್ಲಿಕೋಟೆಯಲ್ಲಿ ಗೆದ್ದ. ಕೊನೆಗೆ, ಅದೇ ಬಂದರಿನ ಬಯಲಿನಲ್ಲಿ, ಅದೇ ಯೂಸ್ಟೇಸನ ಎದುರು ನಿಂತ.

ಇಂದು ಅವನ ಹಲ್ಲಿನಲ್ಲಿ ಹುರಿ ಇರಲಿಲ್ಲ. ಹಗ್ಗದ ಬದಿಯಲ್ಲಿ ಕುಳಿತ ಕುಮುದಿನಿಯ ಹಲ್ಲಿನಲ್ಲಿತ್ತು!

ಆರನೆಯ ರೌಂಡು. ಅಂಗಾರ ದಣಿದಿದ್ದ. ಎಡಗೈ ಮೆಲ್ಲನೆ ಇಳಿಯುತ್ತಿತ್ತು... ಎದ್ದೇಳು ಕೈಯೇ, ಎದ್ದೇಳು! ಕುಮುದಿನಿ ತಿಳಿಯದೆಯೇ ತನ್ನ ಎಡಮುಷ್ಟಿಯನ್ನು ಗಲ್ಲಕ್ಕೊತ್ತಿ ಎದ್ದು ನಿಂತಳು. ಅಂಗಾರನ ಕಣ್ಣಿಗೆ ಅದು ಬಿತ್ತು. ಎಡಗೈ ದವಡೆಗೇರಿತು. ಯೂಸ್ಟೇಸನ ಪೆಟ್ಟು ಬರಿಯ ಗ್ಲೌಸಿಗೆ ತಾಗಿತು. ಮರುಗಳಿಗೆ ಅಂಗಾರನ ಬಲಗೈ...

ಧಡ್!

ಒಸ್ವಾಲ್ಡ್ ಹತ್ತರವರೆಗೆ ಎಣಿಸಿದ. ಬಯಲು ಬೊಬ್ಬೆ ಹಾಕಿತು. ಎದ್ದು ಕುಳಿತ ಯೂಸ್ಟೇಸ್ ದವಡೆ ಸವರಿಕೊಂಡು ನಕ್ಕ: "ನನಗೂ ಆ ಹುರಿಯಲ್ಲಿ ಸ್ವಲ್ಪ ಕೊಡು ಮಾರಾಯ!"

ಅಂಗಾರ ಹಗ್ಗದ ಬಳಿ ಮಂಡಿಯೂರಿದ.

"ಕುಮುದಿನಿ, ಹತ್ತು ತಿಂಗಳು ನನ್ನನ್ನು ಮಾತಾಡಲಿಕ್ಕೆ ಬಿಡಲಿಲ್ಲ ನೀನು. ಈಗ ಹುರಿ ನಿನ್ನ ಬಾಯಲ್ಲುಂಟು, ನಾನು ಕೇಳ್ತೇನೆ. ನನ್ನನ್ನು ಮದುವೆ ಆಗ್ತೀಯಾ?"

ಕುಮುದಿನಿ ಕಲ್ಲಿನಂತೆ ನಿಂತಳು. ಒಸ್ವಾಲ್ಡ್ ಗಂಭೀರವಾಗಿ ಅವಳತ್ತ ಕೈ ಚಾಚಿದ. "ಒಂದು... ಎರಡು... ಮೂರು..."

"ಬೇಗ ಹೇಳು ಮಾರಾಯ್ತಿ!" ಅಕ್ಕು ತಿವಿದಳು.

"...ಒಂಬತ್ತು..."

"ಹೂಂ!" ಹುರಿ ಕಚ್ಚಿಕೊಂಡೇ ಅಂದಳು.

"ಸರಿ ಕೇಳಲಿಲ್ಲ," ಎಂದ ಅಂಗಾರ.

ಅವಳು ಹುರಿ ತೆಗೆದು ಅವನ ಎಡ ಮಣಿಕಟ್ಟಿಗೆ ಕಟ್ಟಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಕೈ ಮೇಲಿರಲಿ. ಇನ್ನೊಮ್ಮೆ ಬೀಳುವುದಿದ್ದರೆ..."

"ಬೀಳುವುದಿದ್ದರೆ?"

"ನನ್ನ ಕಡೆಗೇ ಬೀಳಿ."

ಮಹಾಶಯರೇ, ಕಥೆ ಮುಗಿಯಿತು; ಕಥೆ ಹೇಳುವ ನಾನು ಇನ್ನು ಮುಂದಿನ ಊರಿಗೆ. ಅತ್ತ ದೋಣಿಯವನು ಕೂಗುತ್ತಿದ್ದಾನೆ. ಎರಡು ಪಂಚೆ, ರಟ್ಟು ಹರಿದ ಒಂದು ಕಾದಂಬರಿ, ಒಂದು ತಂಬಿಗೆ. ಇಷ್ಟೇ ನನ್ನ ಗಂಟು. ಕಟ್ಟುವುದಕ್ಕೆ ಒಂದು ಗೇಣು ಹುರಿ ಬೇಕಿತ್ತು. ಅಂಗಾರನ ಮಣಿಕಟ್ಟಿನಲ್ಲಿದ್ದ ಆ ಹುರಿಯನ್ನು ಕೇಳುವ ಧೈರ್ಯ ಬರಲಿಲ್ಲ. ಬಾಳೆಯ ನಾರಿನಲ್ಲಿ ಬಿಗಿದು ಹೊರಟಿದ್ದೇನೆ.