ಕಾಗದದ ಹೂವಿಗೆ ಎರಡು ಕೊಡ

ಮೊದಲ ಕೊಡದ ನೀರು ಇಂಗುವ ಮುನ್ನವೇ ನೀಲಾಂಬಿಕೆ ಎರಡನೆಯದನ್ನೂ ಬೇಲಿಯ ಪಕ್ಕದ ಕಾಗದದ ಹೂವಿನ ಗಿಡಕ್ಕೆ ಸುರಿದಳು. ಗಿಡ ಆಳೆತ್ತರ ಬೆಳೆದಿತ್ತು. ಮೈತುಂಬ ಎಲೆ, ಮುಳ್ಳು. ಹೂ ಮಾತ್ರ ಒಂದೂ ಇಲ್ಲ.

"ಸೋಮವಾರ ಕಟ್ಟಾಯದ ಗಂಡಿನ ಕಡೆಯೋರು ಹೂ ಮುಡ್ಸೋಕೆ ಬತ್ತಾವ್ರೆ. ನಿನ್ನ ಕೈ ನೋಡು, ಬೆಕ್ಕು ಪರಚ್ದಂಗೈತೆ," ಅತ್ತಿಗೆ ಬಸವಲಿಂಗಮ್ಮ ಜಗಲಿಯಿಂದ ನಕ್ಕರು. "ಆ ಮುಳ್ಳನ್ನೇ ಮದ್ವೆ ಆಗ್ಬುಡು ಅತ್ಲಾಗೆ!"

ನೀಲಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಎರಡನೆಯ ಮಹಾಯುದ್ಧದಿಂದಾಗಿ ಪೆಟ್ರೋಲ್ ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಹಾಸನದ ಬಸ್ಸು, ಹೊಳೆನರಸೀಪುರದ ಅವರ ಮನೆಯೆದುರಿನ ಏರಿನಲ್ಲಿ ದಿನವೂ ದಮ್ಮು ಕಟ್ಟಿ ನಿಲ್ಲುತ್ತಿತ್ತು. ಡ್ರೈವರ್ ಪಾಲಾಕ್ಷ ಡಬ್ಬ ಹಿಡಿದು ನೀರು ಕೇಳಲು ಬೇಲಿಗೆ ಬರುತ್ತಿದ್ದ. ಹೋದ ವರ್ಷ ಒಂದು ದಿನ, ಯಾವುದೋ ಬಂಗಲೆಯಿಂದ ತಂದ ಈ ಗಿಡದ ಕಡ್ಡಿಯೊಂದನ್ನು ಅವಳ ಕೈಗಿತ್ತಿದ್ದ.

"ಬಾಯಲ್ಲಿ ಹೇಳೋದು ಬ್ಯಾಡ. ಮನಸ್ಸಿದ್ರೆ, ಇದು ಹೂ ಬಿಟ್ಟಾಗ ಒಂದು ಗೊಂಚಲು ಬೇಲಿಗೆ ಸಿಗ್ಸಿ. ಅಪ್ಪನ್ನ ಕರ್ಕೊಂಡು ಹೆಣ್ಣು ಕೇಳೋಕೆ ಬತ್ತೀನಿ."

ಅಂದಿನಿಂದ ದಿನಕ್ಕೆ ಎರಡು ಹೊತ್ತು ಅವಳು ನೀರೆರೆದಿದ್ದಳು.

ಬಸ್ಸು ಬಂದು ನಿಂತಿತು. ಪಾಲಾಕ್ಷ ಬೇಲಿಗೆ ಬಂದ. ಇವತ್ತು ಕೈಯಲ್ಲಿ ಡಬ್ಬವಿರಲಿಲ್ಲ.

"ಮಿಲಿಟರಿ ಲಾರಿ ಓಡ್ಸೋಕೆ ಸೈನ್ ಹಾಕ್ಬುಟ್ಟೆ. ನಾಳೆ ರೈಲು." ಗಿಡದತ್ತ ನೋಡಿದ. "ಹೂ ಬರ್ನಿಲ್ಲ. ನಿಮ್ಮ ಮನಸ್ಸು ಅರ್ಥ ಆಯ್ತು ಬಿಡಿ."

ತಿರುಗುವಾಗ ಅವನ ಖಾಕಿ ಅಂಗಿಯ ತೋಳು ಮುಳ್ಳಿಗೆ ಸಿಕ್ಕಿಕೊಂಡಿತು. ಅವಳು ಬಗ್ಗಿ ಬಿಡಿಸತೊಡಗಿದಳು. ಅವನ ಕಣ್ಣು ಅವಳ ಬೆರಳಿನ ಗೀರುಗಳ ಮೇಲಿಂದ ಗಿಡದ ಬುಡದ ಕೆಸರಿಗೆ ಇಳಿಯಿತು.

"ನೀರು ಹಾಕ್ತಿದ್ರಾ?"

"ಎರಡು ಹೊತ್ತೂ. ಎರಡೆರಡು ಕೊಡ."

ಅವನು ನಗಲು ಹೋಗಿ ಆಗದೆ ನಿಂತ. "ಅಯ್ಯೋ ಹುಚ್ಚಿ... ಬಾಯಾರಿದ್ರೇನೇ ಇದು ಹೂ ಬಿಡೋದು. ಆ ಬಂಗಲೆ ಮಾಲಿ ಹೇಳಿದ್ದ. ನಾನೇ ನಿಂಗೆ ಹೇಳೋದು ಮರ್ತೆ."

"ನಾನೂ ಬಾಯಿ ಬಿಡ್ಲಿಲ್ಲ," ಎಂದಳು.

"ಇದ್ದಿಲು ಹತ್ಕೊಂತು, ಹೊರಡಾನ ಬಾರೋ ಮಾರಾಯ!" ಕಂಡಕ್ಟರ್ ಕೆಂಪಣ್ಣ ಹಾರ್ನ್ ಒತ್ತಿ ಕೂಗಿದ.

"ಯಾವಾಗ ಬರ್ತೀರಿ?"

"ಗೊತ್ತಿಲ್ಲ ನೀಲಾ. ಉಳುದ್ರೆ, ಈ ಬೇಲಿಗೇ."

ಹೊಗೆ ಏರು ದಾಟಿ ಕರಗುವವರೆಗೂ ಅವಳು ಅಲ್ಲೇ ನಿಂತಿದ್ದಳು.

"ನೀಲಾ, ಇನ್ನೊಂದು ಕೊಡ ಸೇದ್ಕೊಂಡು ಬಾ!" ಅತ್ತಿಗೆ ಕೂಗಿದರು.

ಸೇದಿದಳು. ತುಂಬಿದ ಕೊಡ ಹೊತ್ತು ಗಿಡದ ಮುಂದೆಯೇ ನಡೆದಳು. ಒಂದು ಹನಿಯನ್ನೂ ಹಾಕಲಿಲ್ಲ.

"ಇದೇನೇ, ಮುಳ್ಳಿನ ಮೇಲೆ ಮುನಿಸಾ?"

"ಏನಿಲ್ಲ ಅತ್ತಿಗೆ."

ಸೋಮವಾರ ಕಟ್ಟಾಯದ ಹೆಂಗಸರು ಹೂ ಹಿಡಿದು ಬಂದಾಗ, ಮುಡಿಸಿಕೊಳ್ಳಲು ಅವಳು ತಲೆ ಬಗ್ಗಿಸುವುದಿಲ್ಲ.